ಮರ ಕೇಳುವ ತಂತಿ, ಆಯಸ್ಕಾಂತ ಕೇಳುವ ತಂತಿ

ಮಕ್ಕಳೇ, ಗಿಟಾರ್ ಇರುವ ಮನೆಯಲ್ಲಿ ಒಂದಲ್ಲ ಒಂದು ದಿನ ತಂತಿ ಕಡಿಯುತ್ತದೆ. ಕುವೈತಿನ ಹವಲ್ಲಿಯಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೂ ಇದು ಹೊಸ ಸಂಗತಿಯಲ್ಲ. ಮಂಗಳೂರು, ಉಡುಪಿ, ಕಾಸರಗೋಡು, ಬೆಂಗಳೂರು ಕಡೆಯಿಂದ ಹೋಗಿ ಅಲ್ಲಿ ನೆಲೆಸಿದವರ ಮನೆಗಳಲ್ಲಿ ಕೀಬೋರ್ಡಿನ ಪಕ್ಕದಲ್ಲಿ ಗಿಟಾರ್ ಇರುವುದುಂಟು. ಇಗರ್ಜಿಯ ಹಾಡಿಗೆ ಅದು ಬೇಕು, ಶಾಲೆಯ ವಾರ್ಷಿಕೋತ್ಸವಕ್ಕೆ ಬೇಕು, ಕನ್ನಡ ರಾಜ್ಯೋತ್ಸವದ ದಿನ ಭಾವಗೀತೆಗೆ ಜೊತೆ ಕೊಡಲೂ ಬೇಕು.

ತಂತಿ ಕಡಿದಾಗ ಅಂಗಡಿಗೆ ಹೋದರೆ ಬಣ್ಣಬಣ್ಣದ ಪೊಟ್ಟಣಗಳ ಸಾಲು ಕಾಣುತ್ತದೆ. ಒಂದರ ಮೇಲೆ 9–42 ಎಂದಿದೆ, ಇನ್ನೊಂದರ ಮೇಲೆ 10–46, ಮತ್ತೊಂದರ ಮೇಲೆ 12–53. ಒಂದು ನಿಕಲ್, ಒಂದು ಫಾಸ್ಫರ್ ಬ್ರಾಂಜ್, ಒಂದು ನೈಲಾನ್. ಅಂಗಡಿಯವರು ಮೊದಲು ಕೇಳುವ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: “ಗಿಟಾರ್ ಎಲೆಕ್ಟ್ರಿಕ್ಕೋ, ಅಕೂಸ್ಟಿಕ್ಕೋ?”

ಎರಡರಲ್ಲೂ ಆರು ತಂತಿ. ಎರಡನ್ನೂ ಅದೇ ಶ್ರುತಿಗೆ ಕೂಡಿಸುತ್ತೇವೆ. ಹಾಗಿದ್ದ ಮೇಲೆ ತಂತಿ ಬೇರೆ ಯಾಕೆ? ಉತ್ತರ ಇಷ್ಟೆ: ಅಕೂಸ್ಟಿಕ್ ಗಿಟಾರಿನಲ್ಲಿ ತಂತಿಯ ಅಲುಗಾಟವನ್ನು ಮೊದಲು ಕೇಳಿಸಿಕೊಳ್ಳುವುದು ಮರ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಕೇಳಿಸಿಕೊಳ್ಳುವುದು ಆಯಸ್ಕಾಂತ. ಮರಕ್ಕೆ ಹಿಡಿಸುವ ತಂತಿ ಬೇರೆ, ಆಯಸ್ಕಾಂತಕ್ಕೆ ಹಿಡಿಸುವ ತಂತಿ ಬೇರೆ. ಇದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ತಂತಿಯ ಮೂರು ನಿಯಮ

ತಂತಿಯನ್ನು ಮೀಟಿದರೆ ಅದು ಆಚೆ ಈಚೆ ಅಲುಗುತ್ತದೆ. ಸೆಕೆಂಡಿಗೆ ಹೆಚ್ಚು ಬಾರಿ ಅಲುಗಿದರೆ ಸ್ವರ ಏರುತ್ತದೆ, ಕಡಿಮೆ ಬಾರಿ ಅಲುಗಿದರೆ ಇಳಿಯುತ್ತದೆ. ಗಿಟಾರಿನ ಅತ್ಯಂತ ಸಪೂರ ತಂತಿ ಸೆಕೆಂಡಿಗೆ ಸುಮಾರು 330 ಬಾರಿ ಅಲುಗುತ್ತದೆ. ಅತ್ಯಂತ ದಪ್ಪ ತಂತಿ ಸುಮಾರು 82 ಬಾರಿ. ಸಪೂರ ತಂತಿಯ ವೇಗ ದಪ್ಪ ತಂತಿಯದರ ನಾಲ್ಕು ಪಟ್ಟು. ಸಂಗೀತದ ಲೆಕ್ಕದಲ್ಲಿ ಅದು ಎರಡು ಸ್ಥಾಯಿ ಮೇಲೆ.

ಇಷ್ಟು ವೇಗವಾಗಿ ಅಲುಗುವುದನ್ನು ಕಣ್ಣಿನಿಂದ ಎಣಿಸಲು ಆಗುವುದಿಲ್ಲ. ಫ್ರಾನ್ಸಿನ ಮರೀನ್ ಮೆರ್ಸೆನ್ ಎಂಬ ಪಾದ್ರಿ ಇದಕ್ಕೊಂದು ಉಪಾಯ ಹುಡುಕಿದರು. ತುಂಬಾ ಉದ್ದದ ತಂತಿಗಳನ್ನು ಕಟ್ಟಿ, ಅವು ನಿಧಾನವಾಗಿ ಅಲುಗುವುದನ್ನು ನೋಡಿ ಎಣಿಸಿದರು. ಅದರಿಂದ ಸಿಕ್ಕ ನಿಯಮಗಳನ್ನು 1636ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆ ನಿಯಮಗಳು ಇವು.

ಮೊದಲನೆಯದು ಉದ್ದ. ತಂತಿಯ ಉದ್ದವನ್ನು ಅರ್ಧ ಮಾಡಿದರೆ ಅಲುಗುವ ವೇಗ ಎರಡು ಪಟ್ಟಾಗುತ್ತದೆ. ಗಿಟಾರಿನ ಹನ್ನೆರಡನೆಯ ಮೆಟ್ಟಿಲು (ಫ್ರೆಟ್) ತಂತಿಯ ನಟ್ಟನಡುವೆ ಇರುತ್ತದೆ. ಅಲ್ಲಿ ಒತ್ತಿ ಮೀಟಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಕೇಳುತ್ತದೆ.

ಎರಡನೆಯದು ಬಿಗಿತ. ಬಿರಡೆ ತಿರುಗಿಸಿ ಬಿಗಿ ಮಾಡಿದರೆ ಸ್ವರ ಏರುತ್ತದೆ. ಆದರೆ ವೇಗ ಎರಡು ಪಟ್ಟಾಗಬೇಕಾದರೆ ಬಿಗಿತ ನಾಲ್ಕು ಪಟ್ಟಾಗಬೇಕು.

ಮೂರನೆಯದು ತೂಕ. ತಂತಿ ಭಾರವಾದಷ್ಟೂ ನಿಧಾನ. ಅದೇ ಉದ್ದ, ಅದೇ ಬಿಗಿತ ಇಟ್ಟುಕೊಂಡು ತೂಕವನ್ನು ನಾಲ್ಕು ಪಟ್ಟು ಮಾಡಿದರೆ ವೇಗ ಅರ್ಧಕ್ಕೆ ಇಳಿಯುತ್ತದೆ.

ಗಿಟಾರಿನ ಆರೂ ತಂತಿಗಳ ಉದ್ದ ಹೆಚ್ಚುಕಡಿಮೆ ಒಂದೇ, ಸುಮಾರು 65 ಸೆಂಟಿಮೀಟರ್. ಬಿಗಿತವೂ ತೀರಾ ಬೇರೆಬೇರೆ ಇರುವಂತಿಲ್ಲ. ಇದ್ದರೆ ಒಂದು ತಂತಿ ಕಲ್ಲಿನಂತೆ ಗಟ್ಟಿಯಾಗಿ, ಇನ್ನೊಂದು ಜೋತುಬಿದ್ದು ನುಡಿಸುವ ಬೆರಳಿಗೆ ಕಷ್ಟವಾಗುತ್ತದೆ. ಉಳಿದದ್ದು ತೂಕ ಮಾತ್ರ. ಅದಕ್ಕೇ ಆರು ತಂತಿಗಳಿಗೆ ಆರು ದಪ್ಪ.

ಪೊಟ್ಟಣದ ಮೇಲಿನ ಸಂಖ್ಯೆ

ಈಗ 10–46 ಅಂದರೇನು ನೋಡೋಣ. ಅದು ತಂತಿಯ ದಪ್ಪ. ಅಳತೆ ಇಂಚಿನ ಸಾವಿರದ ಒಂದು ಭಾಗದಲ್ಲಿದೆ. 10 ಅಂದರೆ 0.010 ಇಂಚು, ನಮ್ಮ ಸ್ಕೇಲಿನಲ್ಲಿ 0.25 ಮಿಲಿಮೀಟರ್. ಇದು ಸೆಟ್ಟಿನ ಅತ್ಯಂತ ಸಪೂರ ತಂತಿ. 46 ಅಂದರೆ 0.046 ಇಂಚು, ಸುಮಾರು 1.17 ಮಿಲಿಮೀಟರ್. ಇದು ಅತ್ಯಂತ ದಪ್ಪ ತಂತಿ. ನುಡಿಸುವವರು ಪೂರ್ತಿ ಸಂಖ್ಯೆ ಹೇಳುವುದಿಲ್ಲ. ಮೊದಲ ತಂತಿಯ ಹೆಸರಿನಲ್ಲೇ ಇಡೀ ಸೆಟ್ಟನ್ನು ಕರೆಯುತ್ತಾರೆ: “ನೈನ್ಸ್ ಕೊಡಿ”, “ಟೆನ್ಸ್ ಕೊಡಿ”, “ಟ್ವೆಲ್ವ್ಸ್ ಇದೆಯಾ?”

ಸಾಮಾನ್ಯವಾಗಿ ಎಲೆಕ್ಟ್ರಿಕ್ ಗಿಟಾರಿಗೆ 9–42 ಅಥವಾ 10–46 ಹಾಕುತ್ತಾರೆ. ಅಕೂಸ್ಟಿಕ್ ಗಿಟಾರಿಗೆ 12–53 ಹೆಚ್ಚು ಬಳಕೆಯಲ್ಲಿದೆ. ಹೊಸದಾಗಿ ಕಲಿಯುವವರಿಗೆ 10–47 ಅಥವಾ 11–52 ಸಿಗುತ್ತದೆ.

ಸಂಖ್ಯೆ 10ರಿಂದ 12ಕ್ಕೆ ಹೋದರೆ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ದಪ್ಪ 1.2 ಪಟ್ಟು ಆದರೆ ತೂಕ 1.2 ಗುಣಿಸು 1.2, ಅಂದರೆ 1.44 ಪಟ್ಟು ಆಗುತ್ತದೆ. ಅದೇ ಸ್ವರ ಬರಬೇಕಾದರೆ ಬಿಗಿತವೂ 1.44 ಪಟ್ಟು ಬೇಕು. ಮೊದಲನೆಯ ತಂತಿ 9ರದ್ದಾದರೆ ಅದನ್ನು ಸುಮಾರು 6 ಕಿಲೊ ಭಾರ ತೂಗಿಬಿಟ್ಟಷ್ಟು ಬಿಗಿಯಬೇಕು. 10ರದ್ದಾದರೆ ಸುಮಾರು 7.4 ಕಿಲೊ. 12ರದ್ದಾದರೆ ಸುಮಾರು 10.7 ಕಿಲೊ. ಆರು ತಂತಿಗಳ ಎಳೆತ ಕೂಡಿಸಿದರೆ 9–42ರ ಎಲೆಕ್ಟ್ರಿಕ್ ಸೆಟ್ಟಿಗೆ ಸುಮಾರು 38 ಕಿಲೊ, 12–53ರ ಅಕೂಸ್ಟಿಕ್ ಸೆಟ್ಟಿಗೆ ಸುಮಾರು 72 ಕಿಲೊ. ಗೋಡೆಗೆ ಒರಗಿಸಿಟ್ಟ ಅಕೂಸ್ಟಿಕ್ ಗಿಟಾರ್ ಸುಮ್ಮನೆ ನಿಂತಂತೆ ಕಂಡರೂ, ದೊಡ್ಡವರೊಬ್ಬರು ಹಗಲೂ ರಾತ್ರಿಯೂ ಅದರ ತಂತಿಗೆ ಜೋತುಬಿದ್ದಷ್ಟು ಭಾರವನ್ನು ಅದರ ಮರ ತಾಳಿಕೊಂಡಿರುತ್ತದೆ.

ಇಲ್ಲೊಂದು ವಿಚಿತ್ರವಿದೆ. ಸಪೂರ ತಂತಿ ಬೇಗ ಕಡಿಯುತ್ತದೆ, ದಪ್ಪದ್ದು ಹಾಕಿದರೆ ಕಡಿಯುವುದಿಲ್ಲ ಎಂದು ಅನೇಕರು ನಂಬುತ್ತಾರೆ. ಒಂದೇ ಉಕ್ಕಿನ ಎರಡು ತಂತಿ ತೆಗೆದುಕೊಳ್ಳಿ, ಒಂದು ಸಪೂರ, ಒಂದು ದಪ್ಪ. ದಪ್ಪ ತಂತಿಗೆ ಬಲ ಹೆಚ್ಚು, ನಿಜ. ಆದರೆ ಅದು ಅಷ್ಟೇ ಪಾಲು ಹೆಚ್ಚು ಭಾರವೂ ಆಗಿರುವುದರಿಂದ ಅದೇ ಸ್ವರಕ್ಕೆ ಅದನ್ನು ಅಷ್ಟೇ ಪಾಲು ಹೆಚ್ಚು ಎಳೆಯಬೇಕು. ಬಲ ಎಷ್ಟು ಹೆಚ್ಚಿತೋ ಹೊರೆಯೂ ಅಷ್ಟೇ ಹೆಚ್ಚಿತು. ಹಾಗಾಗಿ ಸ್ವರವನ್ನು ಏರಿಸುತ್ತಾ ಹೋದರೆ ಎರಡೂ ಹೆಚ್ಚುಕಡಿಮೆ ಒಂದೇ ಸ್ವರದಲ್ಲಿ ಕಡಿಯುತ್ತವೆ. ತಂತಿ ಪದೇಪದೇ ಕಡಿಯುತ್ತಿದ್ದರೆ ದಪ್ಪ ತಂತಿ ಕೊಳ್ಳುವ ಮೊದಲು ಅದು ಎಲ್ಲಿ ಕಡಿಯುತ್ತಿದೆ ಎಂದು ನೋಡಿ. ಯಾವಾಗಲೂ ಕುದುರೆಯ (ಬ್ರಿಜ್) ಹತ್ತಿರವೇ ಅಥವಾ ಬಿರಡೆಯ ಹತ್ತಿರವೇ ಕಡಿದರೆ ಅಲ್ಲಿ ಯಾವುದೋ ಚೂಪಾದ ಅಂಚು ಇದೆ ಎಂದರ್ಥ.

ದಪ್ಪ ತಂತಿಗೆ ಸುತ್ತು ಯಾಕೆ?

ನಿಮ್ಮ ಗಿಟಾರಿನ ಕೆಳಸ್ವರದ ತಂತಿಯ ಮೇಲೆ ಉಗುರು ಎಳೆಯಿರಿ. ಜರ್ರ್ ಎನ್ನುತ್ತದೆ. ಅದು ಒಂದೇ ತಂತಿಯಲ್ಲ. ಒಳಗೆ ಸಪೂರ ಉಕ್ಕಿನ ನಡುತಂತಿ, ಅದರ ಸುತ್ತ ಒತ್ತೊತ್ತಾಗಿ ಸುತ್ತಿದ ಇನ್ನೊಂದು ತಂತಿ.

ಒಂದೇ ದಪ್ಪ ತಂತಿ ಹಾಕಿದ್ದರೆ ಆಗುತ್ತಿರಲಿಲ್ಲವೇ? ಲೆಕ್ಕ ನೋಡಿ. ಕೆಳಗಿನ ತಂತಿ ಮೇಲಿನದರ ನಾಲ್ಕರಲ್ಲಿ ಒಂದು ವೇಗದಲ್ಲಿ ಅಲುಗಬೇಕು. ಬಿಗಿತ ಒಂದೇ ಇದ್ದರೆ ಅದು 16 ಪಟ್ಟು ಭಾರವಿರಬೇಕು. ಒಂದೇ ಉಕ್ಕಿನ ತಂತಿಯಾದರೆ ನಾಲ್ಕು ಪಟ್ಟು ದಪ್ಪ, ಅಂದರೆ ಒಂದು ಮಿಲಿಮೀಟರ್. ದಪ್ಪ ನಾಲ್ಕು ಪಟ್ಟಾದರೆ ಬಾಗಿಸಲು ಆಗುವ ಕಷ್ಟ 256 ಪಟ್ಟು ಹೆಚ್ಚುತ್ತದೆ. ಅಷ್ಟು ಗಡಸಾದದ್ದು ತಂತಿಯ ಹಾಗೆ ಅಲುಗುವುದಿಲ್ಲ, ಸರಳಿನ ಹಾಗೆ ಅಲುಗುತ್ತದೆ. ಒಂದು ತಂತಿಯನ್ನು ಮೀಟಿದಾಗ ಮುಖ್ಯ ಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ವೇಗದ ಉಪಸ್ವರಗಳೂ ಏಳುತ್ತವೆ. ಈ ಲೆಕ್ಕ ಸರಿಯಾಗಿ ಕೂಡಿದಾಗಲೇ ಕಿವಿಗೆ ಇಂಪು. ಗಡಸು ತಂತಿಯಲ್ಲಿ ಉಪಸ್ವರಗಳು ಈ ಲೆಕ್ಕ ತಪ್ಪಿ ಮೇಲೆ ಸರಿಯುತ್ತವೆ, ಸ್ವರ ಬೇಸುರಾಗುತ್ತದೆ.

ಸುತ್ತು ತಂತಿ ಈ ತೊಡಕನ್ನು ಬಿಡಿಸುತ್ತದೆ. ಎಳೆತವನ್ನು ತಾಳುವುದು ಸಪೂರ ನಡುತಂತಿ, ಆದ್ದರಿಂದ ಅದು ಸುಲಭವಾಗಿ ಬಾಗುತ್ತದೆ. ತೂಕ ಕೊಡುವುದು ಸುತ್ತು. ಇದೇ ತೊಡಕು ನಮ್ಮ ವೀಣೆಗೂ ಇದೆ. ವೀಣೆಯಲ್ಲಿ ಸಾರಣಿ, ಪಂಚಮದ ತಂತಿಗಳು ಸಪೂರ ಉಕ್ಕಿನವು. ಮಂದ್ರ, ಅನುಮಂದ್ರಕ್ಕೆ ಬರುವಾಗ ತಂತಿ ದಪ್ಪವಾಗುತ್ತದೆ, ಈಗ ಹಲವರು ಅಲ್ಲಿಗೆ ಸುತ್ತು ತಂತಿ ಹಾಕುತ್ತಾರೆ.

ಎಲೆಕ್ಟ್ರಿಕ್ ಮತ್ತು ಅಕೂಸ್ಟಿಕ್ ಸೆಟ್ಟುಗಳನ್ನು ಕಣ್ಣಿನಲ್ಲೇ ಬೇರೆ ಮಾಡುವ ಒಂದು ಗುರುತು ಇಲ್ಲಿದೆ. ಸಪೂರ ತಂತಿಯಿಂದ ಎಣಿಸಿ ಮೂರನೆಯದನ್ನು ನೋಡಿ. ಅಕೂಸ್ಟಿಕ್ ಸೆಟ್ಟಿನಲ್ಲಿ ಅದಕ್ಕೆ ಸಾಮಾನ್ಯವಾಗಿ ಸುತ್ತು ಇರುತ್ತದೆ. ಎಲೆಕ್ಟ್ರಿಕ್ ಸೆಟ್ಟಿನಲ್ಲಿ ಅದು ಹೆಚ್ಚಾಗಿ ಸುತ್ತಿಲ್ಲದ ಬರಿ ತಂತಿ. ಎಲೆಕ್ಟ್ರಿಕ್ ನುಡಿಸುವವರು ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು ಗಮಕದ ಹಾಗೆ ಸ್ವರವನ್ನು ಜಾರಿಸುತ್ತಾರೆ. ಬರಿ ತಂತಿಯಾದರೆ ಹಾಗೆ ಎಳೆಯುವುದು ಸುಲಭ.

ಈ ಸಪೂರ ಸೆಟ್ಟುಗಳು ಬಂದದ್ದೇ ಕಲಿಯುವ ಮಕ್ಕಳ ಬೆರಳ ನೋವಿನಿಂದ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎರ್ನಿ ಬಾಲ್ ಎಂಬವರು ಗಿಟಾರ್ ಅಂಗಡಿ ಇಟ್ಟುಕೊಂಡು ಪಾಠ ಹೇಳುತ್ತಿದ್ದರು. ಆಗ ಸಿಗುತ್ತಿದ್ದ ಸೆಟ್ಟುಗಳಲ್ಲಿ ಮೂರನೆಯ ತಂತಿ ದಪ್ಪ. ಹೊಸ ವಿದ್ಯಾರ್ಥಿಗಳಿಗೆ ಅದನ್ನು ಒತ್ತುವುದೇ ಕಷ್ಟವಾಗುತ್ತಿತ್ತು. ಅದನ್ನು ಕಂಡು ಅವರು ಸಪೂರ ತಂತಿಗಳ ಸೆಟ್ಟು ಮಾಡಿಸಿ 1960ರ ದಶಕದಲ್ಲಿ ಮಾರಾಟಕ್ಕೆ ತಂದರು. ಇಂದು ಲೋಕದ ದೊಡ್ಡ ದೊಡ್ಡ ವಾದಕರೂ ಅಂಥ ತಂತಿಗಳನ್ನೇ ಬಳಸುತ್ತಾರೆ.

ಮರ ಕೇಳುವ ಬಗೆ

ತಂತಿ ತುಂಬಾ ಸಪೂರ. ಅದು ಅಲುಗಿದರೂ ಗಾಳಿಯನ್ನು ಹೆಚ್ಚು ತಳ್ಳಲಾರದು. ಆದ್ದರಿಂದ ಬರಿ ತಂತಿಯ ದನಿ ತೀರಾ ಮೆಲ್ಲಗೆ. ಅಕೂಸ್ಟಿಕ್ ಗಿಟಾರಿನಲ್ಲಿ ತಂತಿ ಕುದುರೆಯನ್ನು ಅಲುಗಿಸುತ್ತದೆ. ಕುದುರೆ ಮುಂಭಾಗದ ತೆಳು ಹಲಗೆಯನ್ನು ಅಲುಗಿಸುತ್ತದೆ. ಈ ಹಲಗೆ ಹೆಚ್ಚಾಗಿ ಸ್ಪ್ರೂಸ್ ಮರದ್ದು, ದಪ್ಪ ಸುಮಾರು ಮೂರು ಮಿಲಿಮೀಟರ್. ಅಗಲವಾದ ಹಲಗೆ ಗಾಳಿಯನ್ನು ಚೆನ್ನಾಗಿ ತಳ್ಳುತ್ತದೆ, ಒಳಗಿನ ಗಾಳಿಯೂ ಅದರ ಜೊತೆ ಅಲುಗುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಎಲೆಕ್ಟ್ರಿಕ್ ಗಿಟಾರನ್ನು ವಯರ್ ಹಾಕದೆ ನುಡಿಸಿ, ದನಿ ಸಣ್ಣದು. ಈಗ ಅದರ ತಲೆಯ ತುದಿಯನ್ನು ಮರದ ಬಾಗಿಲಿಗೋ ಮೇಜಿಗೋ ಮೆಲ್ಲಗೆ ತಾಗಿಸಿ ನುಡಿಸಿ. ದನಿ ದೊಡ್ಡದಾಗುತ್ತದೆ. ಈಗ ಬಾಗಿಲೇ ಹಲಗೆಯ ಕೆಲಸ ಮಾಡುತ್ತಿದೆ.

ಹಲಗೆಯನ್ನು ಅಲುಗಿಸಲು ಶಕ್ತಿ ಬೇಕು. ದಪ್ಪ, ಭಾರದ, ಬಿಗಿಯಾದ ತಂತಿ ಹೆಚ್ಚು ಶಕ್ತಿ ಕೊಡುತ್ತದೆ. ಅದಕ್ಕೇ ಅಕೂಸ್ಟಿಕ್ ಗಿಟಾರಿಗೆ 12ರ ಸೆಟ್ಟು. ಅದರ ಸುತ್ತಿಗೆ ತಾಮ್ರದ ಮಿಶ್ರಲೋಹ ಬಳಸುತ್ತಾರೆ. ತಾಮ್ರ ಉಕ್ಕಿಗಿಂತ ಭಾರ. ಪೊಟ್ಟಣದ ಮೇಲೆ 80/20 ಎಂದಿದ್ದರೆ ಸುತ್ತಿನಲ್ಲಿ ನೂರಕ್ಕೆ 80 ಪಾಲು ತಾಮ್ರ, 20 ಪಾಲು ಸತು ಎಂದರ್ಥ. ಅಂಗಡಿಯಲ್ಲಿ ಅದನ್ನು ಬ್ರಾಂಜ್ ಅಂದರೂ ರಸಾಯನಶಾಸ್ತ್ರದ ಪ್ರಕಾರ ಅದು ಹಿತ್ತಾಳೆ. ಅದರ ದನಿ ಹೊಳಪಾಗಿ, ಚುರುಕಾಗಿ ಇರುತ್ತದೆ. ಫಾಸ್ಫರ್ ಬ್ರಾಂಜ್ ನಿಜವಾದ ಕಂಚು: ತಾಮ್ರದ ಜೊತೆ ಸ್ವಲ್ಪ ತವರ, ಅತಿ ಸ್ವಲ್ಪ ರಂಜಕ. ಅದರ ದನಿ ಮೆತ್ತಗೆ, ತುಂಬಿಕೊಂಡಂತೆ ಇರುತ್ತದೆ, ಮತ್ತು ಹೊಸತನ ಹೆಚ್ಚು ದಿನ ಉಳಿಯುತ್ತದೆ.

ಆಯಸ್ಕಾಂತ ಕೇಳುವ ಬಗೆ

ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬ ಪುಟ್ಟ ಪೆಟ್ಟಿಗೆ ಇದೆ. ಅದರೊಳಗೆ ಆಯಸ್ಕಾಂತ, ಆಯಸ್ಕಾಂತದ ಸುತ್ತ ಕೂದಲಿನಷ್ಟು ಸಪೂರವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ತನ್ನ ಮೇಲಿರುವ ಉಕ್ಕಿನ ತಂತಿಯನ್ನು ಆಯಸ್ಕಾಂತ ತುಸು ಕಾಂತವಾಗಿಸುತ್ತದೆ. ತಂತಿ ಅಲುಗಿದಾಗ ಸುರುಳಿಯೊಳಗಿನ ಕಾಂತಬಲ ಹೆಚ್ಚುಕಡಿಮೆ ಆಗುತ್ತದೆ. ಕಾಂತಬಲ ಬದಲಾದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟಿದ್ದರು. ಶರಾವತಿ ಕಣಿವೆಯ ಜಲವಿದ್ಯುತ್ ಕೇಂದ್ರದಲ್ಲಿ ಕರೆಂಟು ಹುಟ್ಟುವುದು ಇದೇ ನಿಯಮದಿಂದ, ಗಿಟಾರಿನ ಪಿಕಪ್ಪಿನಲ್ಲೂ ಅದೇ ನಿಯಮ. ತಂತಿ ಸೆಕೆಂಡಿಗೆ 330 ಬಾರಿ ಅಲುಗಿದರೆ ವಿದ್ಯುತ್ತೂ 330 ಬಾರಿ ಹಿಂದೆ ಮುಂದೆ ಹರಿಯುತ್ತದೆ. ಆಂಪ್ಲಿಫೈಯರ್ ಅದನ್ನು ಬಲಪಡಿಸಿ ಸ್ಪೀಕರಿಗೆ ಕಳಿಸುತ್ತದೆ.

ಇಲ್ಲಿ ಮರದ ಹಲಗೆ ಬೇಕೇ ಬೇಕು ಎಂದಿಲ್ಲ. ಅಮೆರಿಕದ ಜಾರ್ಜ್ ಬೋಶಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ 1932ರ ಹೊತ್ತಿಗೆ ಮಾರಾಟಕ್ಕೆ ತಂದ ಎಲೆಕ್ಟ್ರಿಕ್ ಗಿಟಾರಿನ ಮೈ ಅಲ್ಯೂಮಿನಿಯಂನದು. ಅದರ ಆಕಾರ ನೋಡಿ ಜನ ಅದನ್ನು ‘ಫ್ರೈಯಿಂಗ್ ಪ್ಯಾನ್’ ಎಂದು ಕರೆದರು. ಟೊಳ್ಳು ಹೊಟ್ಟೆಯಿಲ್ಲ, ತೆಳು ಹಲಗೆಯಿಲ್ಲ, ಆದರೂ ದನಿ ಸಭೆಗೆಲ್ಲ ಕೇಳುತ್ತಿತ್ತು.

ಹಾಗಾದರೆ ಎಲೆಕ್ಟ್ರಿಕ್ ತಂತಿಗೆ ಬೇಕಾದ ಗುಣ ಯಾವುದು? ಆಯಸ್ಕಾಂತಕ್ಕೆ ಸ್ಪಂದಿಸುವುದು. ಉಕ್ಕು ಸ್ಪಂದಿಸುತ್ತದೆ, ನಿಕಲ್ ಸ್ಪಂದಿಸುತ್ತದೆ. ತಾಮ್ರ, ಹಿತ್ತಾಳೆ, ಕಂಚು ಸ್ಪಂದಿಸುವುದಿಲ್ಲ. ಆದ್ದರಿಂದ ಎಲೆಕ್ಟ್ರಿಕ್ ಸೆಟ್ಟಿನ ಸುತ್ತು ಹೆಚ್ಚಾಗಿ ನಿಕಲ್ ಲೇಪಿಸಿದ ಉಕ್ಕಿನದು. ಕಂಚಿನ ಸುತ್ತಿನ ತಂತಿಯನ್ನು ಎಲೆಕ್ಟ್ರಿಕ್ ಗಿಟಾರಿಗೆ ಹಾಕಿದರೆ ಗಿಟಾರ್ ಹಾಳಾಗುವುದಿಲ್ಲ, ಆದರೆ ಪಿಕಪ್ಪಿಗೆ ಕೇಳುವುದು ಒಳಗಿನ ಸಪೂರ ನಡುತಂತಿ ಮಾತ್ರ. ಮೇಲಿನ ಬರಿ ಉಕ್ಕಿನ ತಂತಿಗಳು ಜೋರಾಗಿ, ಕೆಳಗಿನ ಸುತ್ತು ತಂತಿಗಳು ಮೆಲ್ಲಗೆ ಕೇಳಿ ಸಮತೋಲ ತಪ್ಪುತ್ತದೆ. ನೈಲಾನ್ ತಂತಿ ಹಾಕಿದರಂತೂ ಪಿಕಪ್ಪಿಗೆ ಏನೂ ಕೇಳುವುದಿಲ್ಲ.

ವಯರ್ ಚುಚ್ಚುವ ತೂತು ಇರುವ ಅಕೂಸ್ಟಿಕ್ ಗಿಟಾರುಗಳೂ ಇವೆಯಲ್ಲ, ಅವಕ್ಕೆ ಯಾವ ತಂತಿ? ಅವುಗಳಲ್ಲಿ ಹೆಚ್ಚಿನವಕ್ಕೆ ಆಯಸ್ಕಾಂತವಿಲ್ಲ. ಕುದುರೆಯ ಕೆಳಗೆ, ಒತ್ತಿದಾಗ ವಿದ್ಯುತ್ ಹುಟ್ಟಿಸುವ ಪೀಜೊ ಪಟ್ಟಿ ಇರುತ್ತದೆ. ಈ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ಪೀಜೊ ಕೇಳುವುದು ಒತ್ತಡವನ್ನು, ಕಾಂತವನ್ನಲ್ಲ. ಆದ್ದರಿಂದ ಅಲ್ಲಿ ಕಂಚಿನ ತಂತಿಯೇ ಸರಿ.

ಇದನ್ನೂ ಮಾಡಿ ನೋಡಿ. ಕಡಿದ ಹಳೆಯ ಸುತ್ತು ತಂತಿಯ ತುಂಡೊಂದನ್ನು ಎತ್ತಿಟ್ಟುಕೊಳ್ಳಿ. ದೊಡ್ಡವರ ಸಹಾಯದಿಂದ ಇಕ್ಕಳದಲ್ಲಿ ಹಿಡಿದು ಸುತ್ತನ್ನು ಸ್ವಲ್ಪ ಬಿಚ್ಚಿಸಿ. ಬಿಚ್ಚಿದ ಸುತ್ತಿಗೆ ಒಮ್ಮೆ, ನಡುತಂತಿಗೆ ಒಮ್ಮೆ ಫ್ರಿಜ್ಜಿನ ಬಾಗಿಲಿನ ಆಯಸ್ಕಾಂತ ತಾಗಿಸಿ. ನಡುತಂತಿ ಅಂಟುತ್ತದೆ. ಸುತ್ತೂ ಅಂಟಿದರೆ ಅದು ಎಲೆಕ್ಟ್ರಿಕ್ ಗಿಟಾರಿಗಾಗಿ ಮಾಡಿದ ತಂತಿ, ಅಂಟದಿದ್ದರೆ ಅಕೂಸ್ಟಿಕ್ಕಿನದು.

ನೈಲಾನಿನ ಗಿಟಾರ್, ಕುವೈತಿನ ಊದ್

ಮೂರನೆಯ ಬಗೆ ಕ್ಲಾಸಿಕಲ್ ಗಿಟಾರ್. ಅದರಲ್ಲಿ ಮೂರು ತಂತಿ ನೈಲಾನಿನವು. ಉಳಿದ ಮೂರರಲ್ಲಿ ನೈಲಾನ್ ಎಳೆಗಳ ಮೇಲೆ ಬೆಳ್ಳಿ ಲೇಪಿಸಿದ ತಾಮ್ರದ ಸುತ್ತು ಇರುತ್ತದೆ. ಹಿಂದೆ ಈ ತಂತಿಗಳನ್ನು ಕುರಿಯ ಕರುಳಿನಿಂದ ಮಾಡುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯ ಹೊಲಿಯುವ ದಾರಕ್ಕೆ ಕರುಳು ಬೇಕಾಗಿ, ವಾದಕರಿಗೆ ತಂತಿ ಸಿಗುವುದು ಕಷ್ಟವಾಯಿತು. ಆಗ ಆಲ್ಬರ್ಟ್ ಆಗಸ್ಟೀನ್ ಎಂಬವರು ಸ್ಪೇನಿನ ಮಹಾನ್ ವಾದಕ ಆಂಡ್ರೆಸ್ ಸೆಗೋವಿಯಾ ಅವರ ಸಲಹೆ ಪಡೆದು ನೈಲಾನ್ ತಂತಿ ಸಿದ್ಧಪಡಿಸಿದರು.

ನೈಲಾನ್ ಸೆಟ್ಟಿನ ಒಟ್ಟು ಎಳೆತ ಸುಮಾರು 38 ಕಿಲೊ. ಉಕ್ಕಿನ 12ರ ಸೆಟ್ಟಿನ ಎಳೆತ ಇದರ ಹತ್ತಿರಹತ್ತಿರ ಎರಡು ಪಟ್ಟು. ಆದ್ದರಿಂದ ಒಂದು ಮಾತನ್ನು ಮರೆಯಬೇಡಿ: ನೈಲಾನ್ ತಂತಿಗೆಂದು ಮಾಡಿದ ಗಿಟಾರಿಗೆ ಎಂದೂ ಉಕ್ಕಿನ ತಂತಿ ಹಾಕಬಾರದು. ಕುದುರೆ ಕಿತ್ತುಬರಬಹುದು, ಹಲಗೆ ಉಬ್ಬಬಹುದು, ದಂಡಿ (ನೆಕ್) ಬಾಗಬಹುದು. ತಂತಿ ತಪ್ಪಿ ಹಾಕಿದರೆ ಗಿಟಾರೇ ಕೆಡುವುದು ಇದೊಂದು ಕಡೆ.

ಹವಲ್ಲಿಯ ಮಕ್ಕಳಿಗೆ ನೈಲಾನ್ ತಂತಿಯ ಇನ್ನೊಂದು ವಾದ್ಯವನ್ನು ಹತ್ತಿರದಿಂದ ನೋಡುವ ಅವಕಾಶವಿದೆ. ಅದು ಊದ್. ಕುವೈತಿನ ‘ಸೌತ್’ ಎಂಬ ಹಾಡುಗಾರಿಕೆಗೆ ಊದ್ ಮತ್ತು ‘ಮಿರ್ವಾಸ್’ ಎಂಬ ಪುಟ್ಟ ಚರ್ಮವಾದ್ಯ ಜೊತೆಗೂಡುತ್ತವೆ. ಸೌತ್ ಪರಂಪರೆಯ ಹಿರಿಯರಾದ 19ನೆಯ ಶತಮಾನದ ಕವಿ, ಸಂಗೀತಗಾರ ಅಬ್ದುಲ್ಲಾ ಅಲ್-ಫರಜ್ ಬೆಳೆದದ್ದು ಮುಂಬಯಿಯಲ್ಲಿ. ಭಾರತದ ಸಂಗೀತವನ್ನೂ ಅವರು ಅಲ್ಲಿ ಕಲಿತಿದ್ದರು. ಊದಿನಲ್ಲಿ ಸಾಮಾನ್ಯವಾಗಿ 11 ತಂತಿ: ಐದು ಜೋಡಿ, ಒಂದು ಒಂಟಿ. ಮೆಟ್ಟಿಲುಗಳಿಲ್ಲ. ಅದರ ತಂತಿಗಳೂ ಕ್ಲಾಸಿಕಲ್ ಗಿಟಾರಿನಂತೆ ಮೇಲೆ ಬರಿ ನೈಲಾನ್, ಕೆಳಗೆ ಸುತ್ತು. ಊದ್ ನುಡಿಸುವವರು ಯಾರಾದರೂ ಪರಿಚಯವಿದ್ದರೆ ತಂತಿಯನ್ನು ತೋರಿಸಿ ಎಂದು ಕೇಳಿ.

ಎಲ್ಲಿ ಮೀಟಿದರೆ ಯಾವ ದನಿ

ಹೊಸ ತಂತಿ ಕೊಳ್ಳದೆಯೇ ದನಿ ಬದಲಾಯಿಸಬಹುದು. ತಂತಿಯನ್ನು ನಟ್ಟನಡುವೆ ಮೀಟಿದರೆ ದನಿ ದುಂಡಗೆ, ಮೃದುವಾಗಿ ಇರುತ್ತದೆ. ಕುದುರೆಯ ಹತ್ತಿರ ಮೀಟಿದರೆ ಚೂಪಾಗುತ್ತದೆ. ನಡುವೆ ಮೀಟಿದಾಗ ಎರಡು ಪಟ್ಟು, ನಾಲ್ಕು ಪಟ್ಟು ವೇಗದ ಉಪಸ್ವರಗಳು ಏಳುವುದಿಲ್ಲ, ಏಕೆಂದರೆ ಅವು ಬರಬೇಕಾದರೆ ತಂತಿಯ ನಡುಬಿಂದು ಅಲುಗದೆ ನಿಲ್ಲಬೇಕು. ನೀವು ಎಳೆದು ಬಿಟ್ಟದ್ದು ಅದೇ ಬಿಂದುವನ್ನು. ಇದನ್ನು ಇಂಗ್ಲೆಂಡಿನ ಥಾಮಸ್ ಯಂಗ್ ಹೇಳಿದ್ದರು.

ನಮ್ಮ ಸರ್ ಸಿ.ವಿ. ರಾಮನ್ ಈ ನಿಯಮವನ್ನು ವೀಣೆ, ತಂಬೂರಿಗಳಲ್ಲಿ ಪರೀಕ್ಷಿಸಿದರು. ಆಗ ಅವರು ಕಲ್ಕತ್ತದಲ್ಲಿದ್ದರು; ಬೆಂಗಳೂರಿಗೆ ಬಂದದ್ದು 1933ರಲ್ಲಿ. ಬರಬಾರದು ಎಂದು ನಿಯಮ ಹೇಳುವ ಉಪಸ್ವರಗಳು ಈ ವಾದ್ಯಗಳಲ್ಲಿ ಸ್ಪಷ್ಟವಾಗಿ ಕೇಳುತ್ತಿದ್ದವು. ಕಾರಣ ಕುದುರೆಯ ಆಕಾರ. ಗಿಟಾರಿನ ತಂತಿ ಕುದುರೆಯ ಸಪೂರ ಅಂಚಿನ ಮೇಲೆ ನಿಂತಿರುತ್ತದೆ. ವೀಣೆ, ತಂಬೂರಿಗಳ ಕುದುರೆ ಅಗಲವಾಗಿ, ತುಸು ಬಾಗಿರುತ್ತದೆ. ಅಲುಗುವ ತಂತಿ ಆ ಬಾಗಿನ ಮೇಲೆ ಪದೇಪದೇ ತಾಗಿ ಹೊಸ ಉಪಸ್ವರಗಳನ್ನು ಎಬ್ಬಿಸುತ್ತದೆ. ತಂಬೂರಿಯ ತುಂಬು ನಾದದ ಹಿಂದಿರುವ ಈ ವಿಜ್ಞಾನವನ್ನು ರಾಮನ್ 1921ರಲ್ಲಿ ಪ್ರಕಟಿಸಿದರು.

ಸೆಕೆ, ಉಪ್ಪು, ಎ.ಸಿ.

ಕುವೈತ್ ಲೋಕದ ಅತಿ ಬಿಸಿಯ ನಾಡುಗಳಲ್ಲಿ ಒಂದು. ಅಲ್ಲಿನ ಮಿತ್ರಿಬಾ ಎಂಬಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಬಿಸಿಯಾದರೆ ಉಕ್ಕು ಹಿಗ್ಗುತ್ತದೆ. 20 ಡಿಗ್ರಿ ಬಿಸಿ ಏರಿದರೆ 65 ಸೆಂಟಿಮೀಟರ್ ತಂತಿ ಹಿಗ್ಗುವುದು ಸುಮಾರು 0.15 ಮಿಲಿಮೀಟರ್ ಮಾತ್ರ. ಆದರೆ ಮೊದಲನೆಯ ತಂತಿಯನ್ನು ಶ್ರುತಿಗೆ ತರಲು ನಾವು ಅದನ್ನು ಹಿಗ್ಗಿಸಿದ್ದೇ ನಾಲ್ಕೂವರೆ ಮಿಲಿಮೀಟರಿನಷ್ಟು. ಅದರಲ್ಲಿ 0.15 ಸಡಿಲವಾದರೆ ಬಿಗಿತ ನೂರಕ್ಕೆ ಮೂರು ಪಾಲಿನಷ್ಟು ಇಳಿಯುತ್ತದೆ. ಮರ ಹಾಗೆಯೇ ಇದೆ ಎಂದುಕೊಂಡರೆ 330 ಬಾರಿ ಅಲುಗುತ್ತಿದ್ದ ತಂತಿ ಸುಮಾರು 324ಕ್ಕೆ ಬರುತ್ತದೆ. ಕಿವಿ ಇದನ್ನು ಥಟ್ಟನೆ ಗುರುತಿಸುತ್ತದೆ. ಎ.ಸಿ. ಕೋಣೆಯಿಂದ ಹೊರಗೆ ತಂದ ಗಿಟಾರಿನ ಶ್ರುತಿ ತಪ್ಪಿದರೆ ತಂತಿಯನ್ನು ಬೈಯಬೇಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶ್ರುತಿ ಮಾಡಿ. ನಿಲ್ಲಿಸಿದ ಕಾರಿನೊಳಗೆ ಗಿಟಾರ್ ಬಿಡಲೇಬೇಡಿ, ಆ ಬಿಸಿಗೆ ಮರದ ಅಂಟೇ ಬಿಡಬಹುದು. ಎ.ಸಿ. ಗಾಳಿ ಒಣ ಗಾಳಿ, ಅದರಲ್ಲಿ ಮರ ಕುಗ್ಗುತ್ತದೆ. ನುಡಿಸದಿರುವಾಗ ಗಿಟಾರನ್ನು ಪೆಟ್ಟಿಗೆಯೊಳಗಿಡಿ.

ಬೆವರಿನ ಉಪ್ಪು ತಂತಿಗೆ ಶತ್ರು. ಹವಲ್ಲಿ ಪ್ರಾಂತದ ಸಾಲ್ಮಿಯಾದಂಥ ಕಡಲಂಚಿನ ಊರುಗಳಲ್ಲಿ ಗಾಳಿಯಲ್ಲೂ ಉಪ್ಪಿದೆ, ಮರಳು ಗಾಳಿ ಬೀಸಿದ ದಿನ ಧೂಳೂ ಸೇರುತ್ತದೆ. ನಮ್ಮ ಮಂಗಳೂರು, ಕಾರವಾರದ ಮನೆಗಳಲ್ಲೂ ತಂತಿಗೆ ಬೇಗ ತುಕ್ಕು ಹಿಡಿಯುತ್ತದೆ. ಸುತ್ತಿನ ಸಂದಿಯಲ್ಲಿ ಕೊಳೆ ತುಂಬಿದರೆ ತಂತಿಯ ತೂಕ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆಯಾಗುತ್ತದೆ; ಉಪಸ್ವರಗಳ ಲೆಕ್ಕ ತಪ್ಪಿ ದನಿ ಮಂಕಾಗುತ್ತದೆ. ನುಡಿಸುವ ಮೊದಲು ಕೈ ತೊಳೆದು ಒರೆಸಿಕೊಳ್ಳಿ, ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿ ಒರೆಸಿ. ತೆಳು ಪ್ಲಾಸ್ಟಿಕ್ ಲೇಪದ ತಂತಿಗಳೂ ಸಿಗುತ್ತವೆ. ಬೆಲೆ ಹೆಚ್ಚಾದರೂ ಅವು ಬಹಳ ದಿನ ಬಾಳುತ್ತವೆ, ಇಂಥ ಊರುಗಳಿಗೆ ಒಳ್ಳೆಯ ಆಯ್ಕೆ.

ಹಾಗಾದರೆ ಯಾವುದನ್ನು ಕೊಳ್ಳುವುದು?

ಎಲೆಕ್ಟ್ರಿಕ್ ಗಿಟಾರ್ ಕಲಿಯಲು ಶುರುಮಾಡಿದವರಿಗೆ ನಿಕಲ್ ಲೇಪದ 9–42 ಸಾಕು. ಬೆರಳು ಗಟ್ಟಿಯಾದ ಮೇಲೆ 10–46 ನೋಡಬಹುದು. ಅಕೂಸ್ಟಿಕ್ ಕಲಿಯುವವರಿಗೆ 10–47 ಅಥವಾ 11–52ರ ಫಾಸ್ಫರ್ ಬ್ರಾಂಜ್ ಹಿತ. ದನಿ ಇನ್ನೂ ತುಂಬಿರಬೇಕು ಅನ್ನಿಸಿದಾಗ 12–53ಕ್ಕೆ ಹೋಗಿ. ಸಣ್ಣ ಅಳತೆಯ ಗಿಟಾರಿನಲ್ಲಿ ತಂತಿಯ ಉದ್ದ ಕಡಿಮೆ, ಆದ್ದರಿಂದ ಅದೇ ಸ್ವರಕ್ಕೆ ಬಿಗಿತವೂ ಕಡಿಮೆ ಸಾಕು. ಉದ್ದ 58 ಸೆಂಟಿಮೀಟರ್ ಇದ್ದರೆ ಬಿಗಿತ ನೂರಕ್ಕೆ 20 ಪಾಲು ಇಳಿಯುತ್ತದೆ. ಅಂಥ ಗಿಟಾರಿಗೆ ತೀರಾ ಸಪೂರ ತಂತಿ ಹಾಕಿದರೆ ಅದು ಸಡಿಲವಾಗಿ ಮೆಟ್ಟಿಲಿಗೆ ಬಡಿಯುತ್ತದೆ. ಕ್ಲಾಸಿಕಲ್ ಗಿಟಾರಿಗೆ ನೈಲಾನ್, ನೈಲಾನ್ ಮಾತ್ರ.

ತಂತಿ ಬದಲಿಸುವಾಗ ದೊಡ್ಡವರು ಪಕ್ಕದಲ್ಲಿರಲಿ. ಬಿಗಿಯಾದ ತಂತಿಯನ್ನು ಕತ್ತರಿಸಬೇಡಿ. ಮೊದಲು ಬಿರಡೆ ತಿರುಗಿಸಿ ಪೂರ್ತಿ ಸಡಿಲ ಮಾಡಿ. ಮುಖವನ್ನು ದೂರ ಇಟ್ಟುಕೊಳ್ಳಿ, ಕಣ್ಣಿಗೆ ಕನ್ನಡಕ ಇರಲಿ. ಹೊಸ ತಂತಿ ಮೊದಮೊದಲು ಹಿಗ್ಗುತ್ತಲೇ ಇರುತ್ತದೆ, ಶ್ರುತಿ ನಿಲ್ಲಲು ಸ್ವಲ್ಪ ಸಮಯ ಕೊಡಿ. ತಂತಿಯ ದಪ್ಪ ಬದಲಿಸಿದರೆ ಎಳೆತ ಬದಲಾಗಿ ದಂಡಿ ತುಸು ಬಾಗಬಹುದು, ಅದನ್ನು ಬಲ್ಲವರಿಂದ ಸರಿಮಾಡಿಸಿ.

ಬೆಲೆ ಹೆಚ್ಚಿನ ತಂತಿಯೇ ಒಳ್ಳೆಯ ತಂತಿ ಎಂದೇನೂ ಇಲ್ಲ. ಅಂಗಡಿಗೆ ಹೋಗುವ ಮೊದಲು ನಿಮ್ಮ ಗಿಟಾರ್ ತಂತಿಯನ್ನು ಯಾವುದರಿಂದ ಕೇಳಿಸಿಕೊಳ್ಳುತ್ತದೆ ಎಂದು ನೋಡಿ. ನಿಮ್ಮ ಬೆರಳು ಎಷ್ಟು ಬಿಗಿತವನ್ನು ತಾಳುತ್ತದೆ ಎಂದು ಆಮೇಲೆ ನೋಡಿ. ಬೆಲೆಯನ್ನು ಕೊನೆಗೆ ನೋಡಿ. ಈ ಕ್ರಮದಲ್ಲಿ ಆರಿಸಿದರೆ ನಿಮ್ಮ ಆಯ್ಕೆ ತಪ್ಪುವುದಿಲ್ಲ.